ಮಸುಕಾಗಲಿ ದೀಪ, ಮುಖವಲ್ಲ

ದೀಪಾವಳಿ ಬಂತೆಂದರೆ ನಮ್ಮ ಮುಂಬಯಿ ಮನೆಗಳಲ್ಲಿ ಫೋಟೋ ಸಂಭ್ರಮ. ಹಿಂದಿನ ದೀಪದ ಸರ ಮಸುಕಾಗಿ, ದುಂಡುದುಂಡಗೆ ಹೊಳೆಯಬೇಕು. ಚೆಂದವೇ, ಇಲ್ಲ ಅನ್ನೋಲ್ಲ. ಆದರೆ ಲೆನ್ಸಿನ ಕಿಂಡಿಯನ್ನು ಎಫ್ 1.8ಕ್ಕೆ ತೆರೆದು ಹತ್ತಿರದಿಂದ ಹೊಡೆದರೆ ಸ್ಪಷ್ಟವಾಗುವುದು ಒಂದೇ ಸಾಲು. ಹಿಂದಿನ ಸಾಲಿನಲ್ಲಿ ನಿಲ್ಲೋರು ಯಾರು ಹೇಳಿ? ಅಡಿಗೆಮನೆಯಿಂದ ಕೈ ಒರೆಸಿಕೊಂಡು ಕೊನೆಗೆ ಬರುವ ಅಮ್ಮ. ದೀಪದ ಜೊತೆ ಅವಳೂ ಮಸುಕು!

ಗೆಳೆಯರೇ, ನನ್ನ ಮಾತು ಇಷ್ಟೇ: ಎಲ್ಲರನ್ನೂ ಒಂದೇ ಸಾಲಿನಲ್ಲಿ, ದೀಪದಿಂದ ಐದಾರು ಅಡಿ ಮುಂದೆ ನಿಲ್ಲಿಸಿ. ಕಿಂಡಿಯನ್ನು ಎಫ್ 4ಕ್ಕೆ ಕಿರಿದು ಮಾಡಿ. ಫ್ಲ್ಯಾಶ್ ಬೇಡ, ಕ್ಯಾಮೆರಾ ಮೇಜಿನ ಮೇಲಿರಲಿ. ಖೋಲಿ ಚಿಕ್ಕದೇ? ದೀಪ ಬರೀ ಚುಕ್ಕಿಯಾಗಿಯೇ ಉಳಿಯಲಿ ಬಿಡಿ. ಹಬ್ಬ ಮಾಡಿದವಳ ಮುಖ ಕಾಣಲಿ.