ಪದವಿ ಮಕ್ಕಳಿಗೆ ಆರೋಗ್ಯ ಪಾಠ ಯಾಕೆ ಎನ್ನುವವರಿಗೆ

ಪದವಿ ಕಾಲೇಜಿನಲ್ಲಿ ವಾರಕ್ಕೊಂದು ಪೀರಿಯಡ್ ಆರೋಗ್ಯದ ತಿಳಿವಳಿಕೆಗೆ ಕೊಡಿ ಎಂದರೆ ಸ್ಟಾಫ್‌ರೂಮಿನಲ್ಲಿ ನಗು ಏಳುತ್ತದೆ. ನಗುವವರ ಆಕ್ಷೇಪಗಳಲ್ಲಿ ಒಂದೆರಡಕ್ಕೆ ತೂಕವಿದೆ, ಉಳಿದವು ಬರೀ ಸೋಮಾರಿತನ.

‘ಎಲ್ಲರ ಕೈಲೂ ಮೊಬೈಲಿದೆ, ಬೇಕಾದ್ದನ್ನು ಅವರೇ ಹುಡುಕಿಕೊಳ್ಳುತ್ತಾರೆ.’ ಹುಡುಕುತ್ತಾರೆ, ನಿಜ. ಸಿಗುವುದೇನು? ಡೆಂಗಿ ಎಂದರೆ ಪಪ್ಪಾಯಿ ಎಲೆ ರಸದ ರೀಲ್ಸ್ ರಾಶಿ ಬೀಳುತ್ತವೆ. ಮೈಕೈ ನೋವೆಂದು ಐಬುಪ್ರೊಫೆನ್ ನುಂಗಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ, ಜ್ವರ ಇಳಿಯುವ ಹೊತ್ತಿಗೇ ಹೊಟ್ಟೆನೋವು, ಬಿಡದ ವಾಂತಿ ಶುರುವಾದರೆ ತಡಮಾಡದೆ ಆಸ್ಪತ್ರೆ ಸೇರಬೇಕು ಎಂಬ ಮಾತು ಆ ರಾಶಿಯಡಿ ಎಲ್ಲೋ ಹೂತಿರುತ್ತದೆ. ಇದೇ ಡೆಂಗಿಯನ್ನು 2024ರಲ್ಲಿ ನಮ್ಮ ಸರ್ಕಾರ ಸಾಂಕ್ರಾಮಿಕ ರೋಗವೆಂದು ಘೋಷಿಸಿತ್ತು. ನೆಗಡಿಗೆ ಮೆಡಿಕಲ್ ಶಾಪಿನಿಂದ ಬಿಡಿ ಆಂಟಿಬಯಾಟಿಕ್ ತಂದು ನುಂಗುವ ಬಿ.ಎಸ್ಸಿ. ಹುಡುಗನಿಗೆ ಬ್ಯಾಕ್ಟೀರಿಯಾ, ವೈರಸ್‌ಗಳ ವ್ಯತ್ಯಾಸ ಐದು ಅಂಕಕ್ಕೆ ಬರೆಯಲು ಬರುತ್ತದೆ. ಸ್ಟ್ರಿಪ್ಪಿನ ಮೇಲಿನ ಕೆಂಪು ಗೆರೆ ಯಾಕಿದೆ ಎಂದು ಮಾತ್ರ ಗೊತ್ತಿಲ್ಲ. ಹಬ್ಬಕ್ಕೋ ಪರೀಕ್ಷೆಗೋ ಮುಟ್ಟು ಮುಂದೂಡುವ ಮಾತ್ರೆಯೂ ಹೀಗೇ, ಗೆಳತಿ ಹೇಳಿದ ಲೆಕ್ಕದಲ್ಲಿ ಒಳಗೆ ಹೋಗುತ್ತದೆ. ಮಾಹಿತಿಗೇನೂ ಬರವಿಲ್ಲ, ಅದನ್ನು ಜರಡಿ ಹಿಡಿಯುವ ಅಭ್ಯಾಸಕ್ಕಿದೆ.

‘ಇದೆಲ್ಲ ಮನೆಯಲ್ಲಿ ಹೇಳಿಕೊಡಬೇಕಾದ್ದು.’ ಯಾರು ಹೇಳಿಕೊಡಬೇಕು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ಸುಸ್ತೆಂಬುದು ಹೆಣ್ಣಿನ ಹಣೆಬರಹ ಎಂದುಕೊಂಡ ತಾಯಿ ಮಗಳಿಗೆ ಏನು ಹೇಳಿಯಾಳು? ಬರೀ ಕಾಫಿ ಕುಡಿದು ಆರೂವರೆ ಬಸ್ ಹಿಡಿದು ಬಂದ ಹುಡುಗಿ ಮಧ್ಯಾಹ್ನ ತೂಕಡಿಸಿದರೆ ‘ರಾತ್ರಿಯೆಲ್ಲ ಮೊಬೈಲು’ ಎಂದುಬಿಡುತ್ತೇವೆ. (ಕೆಲವರದು ಮೊಬೈಲೇ, ಇಲ್ಲವೆನ್ನುವುದಿಲ್ಲ.) ಕಬ್ಬಿಣದ ಮಾತ್ರೆ ಕಾಫಿ, ಟೀ ಜೊತೆ ಮೈಗೆ ಹತ್ತದು, ನಿಂಬೆರಸದ ಜೊತೆ ಚೆನ್ನಾಗಿ ಹತ್ತುತ್ತದೆ, ಮಲ ಕಪ್ಪಾದರೆ ಹೆದರಿ ಮಾತ್ರೆ ಬಿಡಬೇಡಿ ಎಂದು ಹೇಳಲು ಹತ್ತು ನಿಮಿಷ ಸಾಕು. ಕೇಂದ್ರದ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 19 ವರ್ಷಕ್ಕೆ ಮುಗಿಯುತ್ತದೆ. ಪದವಿ ಮುಗಿಯುವ ಮೊದಲೇ ಇವರು ಅದರ ಲೆಕ್ಕದಿಂದ ಹೊರಗೆ.

‘ಮನಸ್ಸಿನ ಮಾತೆತ್ತಿದರೆ ಇಲ್ಲದ ಕಾಯಿಲೆ ತಲೆಗೆ ಹತ್ತುತ್ತದೆ, ನಮ್ಮ ಕಾಲದಲ್ಲಿ ಡಿಪ್ರೆಶನ್ ಇತ್ತೇ?’ ಇತ್ತು, ದೇವರು ದೆವ್ವದ ಖಾತೆಗೆ ಹೋಗುತ್ತಿತ್ತು. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿದೆ. ಸಾಯುವ ಯೋಚನೆ ಬರುತ್ತಿದೆಯೇ ಎಂದು ಕೇಳಿದ ಮಾತ್ರಕ್ಕೆ ಯಾರಿಗೂ ಆ ಯೋಚನೆ ಹುಟ್ಟುವುದಿಲ್ಲ. ಪರೀಕ್ಷೆಯ ಮುಂಚಿನ ನಡುಕವೆಲ್ಲ ಕಾಯಿಲೆಯಲ್ಲ, ಅಷ್ಟು ಮಟ್ಟಿಗೆ ಅವರ ಮಾತು ಸರಿ. ಆದರೆ ಎರಡು ವಾರ ಬಿಡದೆ ನಿದ್ದೆ, ಊಟ, ಆಸೆ ಮೂರೂ ಕೆಟ್ಟರೆ ಅದು ಬೇರೆಯದು ಎಂದು ಗುರುತಿಸುವುದೂ ಕಲಿತೇ ಬರಬೇಕು. ಟೆಲಿ ಮಾನಸ್ ಸಹಾಯವಾಣಿ 14416 ಬಂದದ್ದು 2022ರಲ್ಲಿ, ಅದಕ್ಕೆ ಬೆನ್ನಾಗಿರುವುದು ನಮ್ಮ ನಿಮ್ಹಾನ್ಸ್. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ಆಪ್ತ ಸಮಾಲೋಚಕರು ಇರಬೇಕೆಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

‘ಸಿಲಬಸ್ಸೇ ಮುಗಿಯುವುದಿಲ್ಲ’ ಎಂಬುದಕ್ಕೆ ಉತ್ತರ ಕೊಡುವುದಿಲ್ಲ. ಕಾಲೇಜ್ ಡೇಗೆ ಎಷ್ಟು ದಿನ ಹೋಗುತ್ತದೆಂದು ಎಲ್ಲರಿಗೂ ಗೊತ್ತು.

ಕೊನೆಯದೇ ಗಟ್ಟಿ ಆಕ್ಷೇಪ: ‘ತಿಳಿದು ಏನು ಮಾಡುತ್ತಾರೆ? ಹಾಸ್ಟೆಲ್ಲಿನಲ್ಲಿ ಬಡಿಸಿದ್ದನ್ನೇ ತಿನ್ನಬೇಕು.’ ಒಪ್ಪಿದೆ. ತಿಳಿವಳಿಕೆಯಿಂದ ತಟ್ಟೆಗೆ ಸೊಪ್ಪು ಬರುವುದಿಲ್ಲ. ಆದರೆ ಶೌಚಾಲಯಕ್ಕೆ ಚಿಲಕವಿಲ್ಲವೆಂದು ದಿನವಿಡೀ ನೀರು ಕುಡಿಯದೆ ಕೂರುವ ಹುಡುಗಿಯರಿಗೆ, ಪದೇ ಪದೇ ಬರುವ ಉರಿಮೂತ್ರಕ್ಕೂ ಆ ಚಿಲಕಕ್ಕೂ ಇರುವ ನಂಟು ಗೊತ್ತಾದರೆ, ಮರುದಿನ ಅವರು ಹೋಗುವುದು ಪ್ರಿನ್ಸಿಪಾಲರ ಬಾಗಿಲಿಗೆ. ಈ ಪಾಠ ಬೇಡವೆನ್ನುವವರಲ್ಲಿ ಕೆಲವರಿಗೆ ಇದರ ಅಂದಾಜೂ ಇರಬಹುದು.