ತುಟ್ಟಿ ಸರಳು, ಸೋವಿ ಸರಳು

ನಮ್ಮನ್ಯಾಗ ಹದಿನೈದು ದಿನದಿಂದ ಒಂದು ಸರಳಿನ ಸಲುವಾಗಿ ಜಗಳ ನಡದದ. ಬಾಗಲದ್ದಲ್ಲ, ಕಿಟಕಿದ್ದಲ್ಲ, ಕಾರಿನ ಬಾನೆಟ್ ಒಳಗ ಹಾಕೋ ಸರಳು. ಅದಕ್ಕ ಸ್ಟ್ರಟ್ ಬಾರ್ ಅಂತಾರ, ಬ್ರೇಸ್ ಅಂತನೂ ಅಂತಾರ. ನಗಬ್ಯಾಡ್ರಿ. ಹೋದ ಸಲ ನಾ ಕುಕ್ಕರಿನ ರಬ್ಬರಿನ ಬಗ್ಗೆ ಬರದಾಗ "ಇದೂ ಒಂದು ಬರಿಯೋ ವಿಷಯ ಏನ?" ಅಂತ ನಕ್ಕವ್ರ ಆಮ್ಯಾಲೆ ಫೋನ್ ಮಾಡಿ ಯಾವ ರಬ್ಬರ್ ತೊಗೊಳ್ಳೂಣು ಅಂತ ಕೇಳೀರಿ. ನಿಮ್ಮ ಮನ್ಯಾಗೂ ಗಂಡುಹುಡುಗ್ರು ಇದ್ದಾರ, ಬಾಗಲ ಮುಂದ ಕಾರೂ ನಿಂತದ. ಇವತ್ತಿಲ್ಲ ನಾಳೆ ಈ ಸರಳು ನಿಮ್ಮ ಮನಿಗೂ ಬರ್ತದ.

ಸುರು ಆಗಿದ್ದು ಹಿಂಗ. ಮಗ ಒಂದಿನಾ ಮುಂಜಾನೆ ಅವಲಕ್ಕಿ ತಿನ್ಕೋತ, "ಅವ್ವಾ, ಒಂದು 12,000 ಕೊಡು, ಪಗಾರ ಆದಕೂಡ್ಲೇ ತಿರುಗಿ ಕೊಡ್ತೇನಿ" ಅಂದ. ಎದಕ್ಕೋ ಅಂದ್ರ, ಗಾಡಿಗೆ ಜಪಾನ್ ಕಂಪನಿ ಬ್ರೇಸ್ ಹಾಕಸ್ಬೇಕಂತ. ಸೊಸಿ ಈಗ ಆರು ತಿಂಗಳ ಬಸುರಿ. ಕುಬಸಾ ಆದಮ್ಯಾಲೆ ಬಾಣಂತನಕ್ಕ ಅಕಿನ್ನ ಕಾರವಾರಕ್ಕ ತವರುಮನಿಗೆ ಬಿಡಬೇಕು. ಯಲ್ಲಾಪುರ ದಾಟಿ ಅರಬೈಲ ಘಟ್ಟಾ ಇಳಿಯೋಮುಂದ ತಿರುವಿನಾಗ ಗಾಡಿ ವಾಲ್ತದಂತ, ಈ ಸರಳು ಹಾಕಿದ್ರ ಹಳಿ ಮ್ಯಾಲಿನ ರೈಲಿನಂಗ ಹೋಗ್ತದಂತ. ಬಸುರಿ ಹೆಣ್ಣುಮಗಳ ಹೆಸರ ಹೇಳಿದ್ರ ಯಾವ ಅತ್ತಿ ರೊಕ್ಕಾ ಇಲ್ಲ ಅಂತಾಳ್ರಿ?

ಅಷ್ಟರಾಗ ನನ್ನ ತಂಗಿ ಮಗ ಬಂದ. ಅವಂದೂ ಇದ ಮಾಡೆಲ್ ಗಾಡಿ. "ದೊಡ್ಡವ್ವಾ, ಸುಮ್ನ ರೊಕ್ಕಾ ಹಾಳ ಮಾಡಬ್ಯಾಡ್ರಿ. ನಾ 2,200ಕ್ಕ ತರಿಸಿ ಹಾಕೀನಿ. ಕಬ್ಬಿಣ ಅಂದ್ರ ಕಬ್ಬಿಣ, ಎಲ್ಲಾ ಒಂದ" ಅಂದ. ತೊಗೋರಿ, ಮನ್ಯಾಗ ಎರಡು ಪಾರ್ಟಿ ಆದ್ವು. ಒಂದು "ತುಟ್ಟಿದು ಅಂದ್ರ ಛಲೋನ ಇರ್ತದ" ಅನ್ನೋ ಪಾರ್ಟಿ, ಇನ್ನೊಂದು "ಎಲ್ಲಾ ಒಂದ" ಅನ್ನೋ ಪಾರ್ಟಿ. ನಾ ಹೇಳ್ತೇನಿ, ಎರಡೂ ಪಾರ್ಟಿ ಮಾತು ತಪ್ಪು. ಯಾಕ ಅಂತ ಕೇಳ್ರಿ.

ಮೊದಲ ಈ ಸರಳು ಮಾಡೋ ಕೆಲಸಾ ಏನು ಅಂತ ತಿಳ್ಕೊಳ್ಳೂಣು. ನಮ್ಮ ಸಣ್ಣ ಕಾರಿನಾಗ ಮುಂದಿನ ಒಂದೊಂದು ಗಾಲಿ ಮ್ಯಾಲೂ ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಕೂಡಿದ ಒಂದು ಕಂಬ ಇರ್ತದ. ಅದಕ್ಕ ಮ್ಯಾಕ್‌ಫರ್ಸನ್ ಸ್ಟ್ರಟ್ ಅಂತಾರ. ಬಾನೆಟ್ ಎತ್ತಿದ್ರ ಎಡಕ್ಕೊಂದು ಬಲಕ್ಕೊಂದು, ಸಣ್ಣ ಗಡಗಿ ಬೋರಲ ಹಾಕಿದಂಗ ಅದರ ತಲಿ ಕಾಣ್ತಾವ. ಗಾಡಿ ಜೋರಾಗಿ ತಿರುಗಿದಾಗ ಗಾಲಿ ಈ ಕಂಬಾನ್ನ ನೂಕ್ತದ, ಬಾಡಿ ತಗಡು ಕೂದಲೆಳಿಯಷ್ಟು ಬಾಗ್ತದ, ಎರಡೂ ತಲಿ ನಡುವಿನ ಅಂತರ ಹೆಚ್ಚುಕಡಿಮಿ ಆಗ್ತದ. ಅದು ಆಗಬಾರ್ದು ಅಂತ ಎರಡೂ ತಲಿ ಕೂಡಿಸಿ ಅಡ್ಡಾ ಒಂದು ಸರಳು ಬಿಗಿದು ಬಿಡ್ತಾರ. ನಮ್ಮತ್ತಿಯವ್ರ ಹಳೇ ಮಂಚಾ ಅಲಗ್ಯಾಡ್ತಿತ್ತಲ್ಲ, ಬಡಗ್ಯಾ ಬಂದು ಎರಡು ಕಾಲಿನ ನಡುವ ಒಂದು ಅಡ್ಡಪಟ್ಟಿ ಹೊಡದು ಹೋದ ನೋಡ್ರಿ, ಅದ ಕೆಲಸಾ. ಇದರಾಗ ಮಾಯಾ ಮಂತ್ರಾ ಏನೂ ಇಲ್ಲ.

ಈಗ ತುಟ್ಟಿ ಪಾರ್ಟಿಗೆ ನನ್ನ ಮಾತು. ನಾ ಪಿಯುಸಿ ಸೈನ್ಸ್ ಮಾಡಿ ಮುಂದ ಮದಿವ್ಯಾಗಿ ಬಂದಾಕಿ. ಬಾಕಿ ಎಲ್ಲಾ ಮರತದ, ಆದ್ರ ಲ್ಯಾಬಿನಾಗ ತಂತಿಗೆ ತೂಕಾ ಕಟ್ಟಿ, ಅದು ಎಷ್ಟು ಜಗ್ತದ ಅಂತ ಅಳಿಯೋ ಪ್ರಯೋಗ ನೆನಪದ. ಯಂಗ್ಸ್ ಮಾಡ್ಯುಲಸ್ ಅಂತಿದ್ವಿ. ಉಕ್ಕಿಂದು ಸುಮಾರು 200 ಗಿಗಾಪಾಸ್ಕಲ್, ಅಲ್ಯುಮಿನಿಯಂದು ಸುಮಾರು 70. ಇದರಾಗ ಒಂದು ಗುಟ್ಟದ. ಸೋವಿ ಉಕ್ಕೇ ಇರ್ಲಿ, ಭಾರಿ ತುಟ್ಟಿ ಉಕ್ಕೇ ಇರ್ಲಿ, ಈ ಅಂಕಿ ಹತ್ರ ಹತ್ರ ಅಷ್ಟ ಇರ್ತದ. ತುಟ್ಟಿ ಉಕ್ಕು ಮುರಿಲಿಕ್ಕೆ ಹೆಚ್ಚು ಬಲ ಬೇಕಾಗಬಹುದು, ಆದ್ರ ಅಷ್ಟ ದಪ್ಪ, ಅಷ್ಟ ಉದ್ದ ಇದ್ರ ಜಗ್ಗೋದು, ಬಾಗೋದು ಎರಡೂ ಅಷ್ಟಽ. ಮುರಿದಂಗ ಇರೋದು ಬ್ಯಾರೆ, ಬಾಗದಂಗ ಇರೋದು ಬ್ಯಾರೆ. ಈ ಸರಳಿನ ಕೆಲಸಾ ಬಾಗದಂಗ ಇರೋದು. ಅಂದಮ್ಯಾಲೆ ಜಪಾನಿನ ಹೆಸರಿಗೆ ಕೊಟ್ಟ ರೊಕ್ಕಾ ಸರಳಿನೊಳಗ ಹೋಗಂಗಿಲ್ಲ, ಸ್ಟಿಕರಿಗೆ ಹೋಗ್ತದ. ಇನ್ನ ಮಿಂಚೋ ಅಲ್ಯುಮಿನಿಯಂ ಸರಳು ಕಣ್ಣಿಗೆ ಚೆಂದ, ಹಗೂರನೂ ಇರ್ತದ. ಆದ್ರ ಅಷ್ಟ ದಪ್ಪಿನ ಉಕ್ಕಿನ ಮುಂದ ಅದರ ಬಿಗಿ ಮೂರನೇ ಒಂದು ಪಾಲು. ಅದನ್ನ ಸರಿದೂಗಸಬೇಕಂದ್ರ ದಪ್ಪ ಮಾಡಬೇಕು.

ಹಂಗಂತ ತಂಗಿ ಮಗಾ ಹಿಗ್ಗೋದು ಬ್ಯಾಡ. "ಎಲ್ಲಾ ಒಂದ" ಅನ್ನೋ ಮಾತೂ ಸುಳ್ಳ. ಯಾಕಂದ್ರ ಸರಳು ಸೋಲೋದು ನಡುವ ಅಲ್ಲ, ತುದಿಗೆ. ಇಳಕಲ್ ಸೀರಿ ತೊಗೊಳ್ಳೋಮುಂದ ನಾವು ಅಂಗಡಿ ಬೋರ್ಡು ಓದ್ತೇವೇನ್ರಿ? ಸೆರಗು ತಿರುವಿ ನೋಡ್ತೇವಿ. ಒಡಲಿನ ಎಳಿಗೆ ಸೆರಗಿನ ಎಳಿ ಕೊಂಡಿ ಹಾಕಿ ಕೂಡಿಸಿರ್ತಾರಲ್ಲ, ಆ ಕೂಡಿಸಿದ ಜಾಗಾ ಛಲೋ ಇದ್ರ ಸೀರಿ ಛಲೋ. ಇಲ್ಲೂ ಹಂಗ. ತುದಿ ತಗಡು ತೆಳುವಿದ್ರ ಸರಳಿನಕಿಂತ ಮೊದಲ ಅದ ಬಾಗ್ತದ. ತುದಿಗೆ ಕೀಲು ಇದ್ದು, ಆ ಕೀಲು ಸಡ್ಲ ಇದ್ರ, ಗಾಡಿ ತಿರುಗಿದಾಗ ಮೊದಲ ಆ ಸಡ್ಲಾ ತುಂಬಬೇಕು, ಆಮ್ಯಾಲೆ ಸರಳು ಕೆಲಸಕ್ಕ ಬರ್ತದ. ಅಷ್ಟರಾಗ ತಿರುವು ಮುಗಿದಿರ್ತದ. ಇನ್ನ ಇಂಜಿನ್ನಿಗೆ ತಾಗಬಾರ್ದಂತ ಬಿಲ್ಲಿನಂಗ ಬಗ್ಗಿಸಿದ ಸರಳು ಒತ್ತಿದ್ರ ಬಿಲ್ಲಿನಂಗ ಇನ್ನೂ ಬಗ್ತದ. ತುದಿ ಒತ್ತಿ ನೋಡ್ರಿ, ನೆಟ್ಟಗಿನ ಕಡ್ಡಿ ತಡೀತದ, ಬಾಗಿದ ಕಡ್ಡಿ ಸೋಲ್ತದ. ತಂಗಿ ಮಗನ ಸರಳು ಬಿಚ್ಚಿ ಕೈಯಾಗ ಹಿಡಿದೆ. ಕೀಲು ಕಟಕಟ ಅಂತು. ಅವನ ಮಾರಿ ಸಣ್ಣದಾತು.

ಆದ್ರ ಆ ಕಟಕಟ ಸೋವಿಯಿಂದ ಬಂದದ್ದಲ್ಲ, ಕೀಲಿನಿಂದ ಬಂದದ್ದು. ಕೀಲಿರೋ ತುಟ್ಟಿ ಸರಳೂ ಅವ, ಒಂದ ತುಂಡಿನ ಸೋವಿ ಸರಳೂ ಅವ. ಅಮೆರಿಕಾದ ಫೋರ್ಡ್ ಕಂಪನಿ 60ರ ದಶಕದಾಗ ಮಸ್ಟಾಂಗ್ ಅನ್ನೋ ಕಾರು ಮಾಡಿತ್ತು. ಅವರ ದೇಶದಾಗ ಮಾರೋ ಗಾಡಿಗೆ ಎರಡು ಬಿಡಿ ಪಟ್ಟಿ ಹಾಕ್ತಿದ್ರು. ಹೊರದೇಶಕ್ಕ ಕಳಸೋ ಗಾಡಿಗೆ ಮಾತ್ರ, ಅಲ್ಲಿ ರಸ್ತೆ ಖರಾಬ ಇರ್ತಾವಂತ, ಹಿಂದಿನ ಗ್ವಾಡಿಗೂ ಎರಡೂ ತಲಿಗೂ ಕೂಡಿಸಿದ ಒಂದ ತುಂಡಿನ ಪಟ್ಟಿ ಹಾಕಿದ್ರು. ಅದರ ಹೆಸರ ಎಕ್ಸ್‌ಪೋರ್ಟ್ ಬ್ರೇಸ್ ಅಂತ ಬಿತ್ತು. 1965ರಾಗ ಕ್ಯಾರೊಲ್ ಶೆಲ್ಬಿ ಅನ್ನಾಂವ ಅದ ಮಸ್ಟಾಂಗಿನಿಂದ ರೇಸಿನ ಜಿಟಿ350 ಮಾಡಿದಾಗ ಅದನ ಹಾಕಿದ, ಜೊತಿಗೆ ಎರಡೂ ತಲಿ ನಡುವ ಒಂದು ಅಡ್ಡ ಸರಳು. ಏನ್ ಬಂಗಾರದ್ದೇನ್ರಿ ಅದು? ಅಚ್ಚಿನಾಗ ಒತ್ತಿದ ಸಾದಾ ಉಕ್ಕಿನ ತಗಡು. ಮೂರು ಕಡೆ ಹಿಡ್ಕೊಂಡು ತ್ರಿಕೋನ ಆತು, ಅದಕ್ಕ ಕೆಲಸಾ ಮಾಡ್ತು. ಆಕಾರ ಕೆಲಸಾ ಮಾಡ್ತದ, ಹೆಸರಲ್ಲ.

ತುಟ್ಟಿದಕ್ಕ ನ್ಯಾಯ ಹೇಳಬೇಕಂದ್ರ, ಅದರಾಗ ಒಳ್ಳೇದೂ ಇರ್ತದ. ತೂತು ಅಳತಿಗೆ ಸರಿಯಾಗಿ ಕೂಡ್ತಾವ, ಬೆಸಗಿ ನೀಟಾಗಿರ್ತದ, ಬಣ್ಣ ಲಗೂ ಹಾರಂಗಿಲ್ಲ, ಮಳಿಗಾಲಕ್ಕ ಜಂಗು ಹಿಡಿಯಂಗಿಲ್ಲ. ಅದಕ್ಕ ಒಂದಿಷ್ಟು ಹೆಚ್ಚು ಕೊಟ್ರ ತಪ್ಪಿಲ್ಲ. ಆದ್ರ ಇವೆಲ್ಲಾ ಕಣ್ಣಿಗೆ ಕಾಣೋವು, ಕೈಗೆ ಸಿಗೋವು. ನೋಡಿ ಕೊಡ್ರಿ, ಹೆಸರ ಕೇಳಿ ಕೊಡಬ್ಯಾಡ್ರಿ.

ಇನ್ನ ಗ್ಯಾರೇಜಿನವ್ರು ಹೇಳೋ ದೊಡ್ಡ ಸುಳ್ಳು. ತಿರುವಿನಾಗ ಗಾಡಿ ವಾಲೋದು ಈ ಸರಳಿನಿಂದ ನಿಲ್ಲಂಗಿಲ್ಲ. ವಾಲೋದನ್ನ ತಡಿಯೋವು ಸ್ಪ್ರಿಂಗು, ಮತ್ತ ಕೆಳಗ ಆ್ಯಂಟಿ ರೋಲ್ ಬಾರ್ ಅಂತ ಬ್ಯಾರೆ ಒಂದು ಸರಳಿರ್ತದ, ಅದು. ಮ್ಯಾಲಿನ ಬ್ರೇಸು ಬಾಡಿ ತಗಡು ಬಾಗೋದನ್ನ ತಡೀತದ, ಅಷ್ಟ. ಮಗಾ ರೊಕ್ಕಾ ಕೇಳಿದ್ದು ವಾಲೋದಕ್ಕ, ಅವರು ಕೊಡಲಿಕ್ಕೆ ನಿಂತದ್ದು ಬ್ಯಾರೆದಕ್ಕ. ಹೊಟ್ಟಿನೋವಿಗೆ ಕಣ್ಣಿನ ಹನಿ ಕೊಟ್ಟಂಗ.

"ಹಾಕಿಸಿದವ್ರೆಲ್ಲಾ ಫರಕ ಗೊತ್ತಾತು ಅಂತಾರಲ್ಲ ಅವ್ವಾ?" ಅಂದ ಮಗ. ಅನ್ನಲಾರದ ಏನ ಮಾಡ್ತಾರೋ? 12,000 ಕೊಟ್ಟಾಂವ "ಏನೂ ಗೊತ್ತಾಗ್ಲಿಲ್ಲ" ಅಂತ ಹೆಂಡ್ತಿ ಮುಂದ ಹೇಳ್ತಾನೇನು? ಅದೂ ಅಲ್ಲದ ಸರಳು ಹಾಕೋ ದಿನಾನ ಗ್ಯಾರೇಜಿನವ್ರು ಅಲೈನ್‌ಮೆಂಟ್ ಮಾಡ್ತಾರ, ಗಾಲಿಗೆ ಗಾಳಿ ಸರಿ ಮಾಡ್ತಾರ. ಸುಧಾರಿಸಿದ್ದು ಯಾವುದರಿಂದ ಅಂತ ಹೆಂಗ ಹೇಳ್ತೀ?

ಅದಕ್ಕ ಒಂದು ರವಿವಾರ ಪರೀಕ್ಷಾ ಇಟ್ಟೆ. ಮಗನ ಗೆಳ್ಯಾಂದೂ ಇದ ಗಾಡಿ, ಅವ ತುಟ್ಟಿ ಸರಳು ಹಾಕಿಸ್ಯಾನ. ಅವಂದು, ತಂಗಿ ಮಗಂದು, ಎರಡೂ ತರಿಸಿ ನಮ್ಮ ಗಾಡಿಗೆ ಪರಿಚಯದ ಮಿಸ್ತ್ರಿ ಕಡೆ ಹಾಕೋದು ಬಿಚ್ಚೋದು ಮಾಡಿಸಿದ್ವಿ. ಓಡಿಸಿದವ್ರು ನಮ್ಮನಿಯವ್ರು, ಮೂವತ್ತು ವರ್ಷ ಬಸ್ಸು ಓಡಿಸಿ ರಿಟೈರ್ ಆದವ್ರು. ಕೆಲಗೇರಿ ಕಡೆ ಅದ ರಸ್ತೆ, ಅದ ತಿರುವು, ಆರು ಸುತ್ತು. ಎರಡು ಸುತ್ತು ತುಟ್ಟಿದು, ಎರಡು ಸೋವಿದು, ಎರಡು ಸುತ್ತು ಏನೂ ಇಲ್ಲದ. ಯಾವಾಗ ಯಾವುದು ಅಂತ ಅವ್ರಿಗೆ ಹೇಳಲಿಲ್ಲ, ಬಾನೆಟ್ ಮುಚ್ಚಿದ ಮ್ಯಾಲೆ ಕರದ್ವಿ. ಆರರಾಗ ಎರಡು ಸರಿ ಹೇಳಿದ್ರು. ಚೀಟಿ ಎತ್ತಿದ್ರೂ ಅಷ್ಟ ಬರ್ತಿತ್ತು! ಏನೂ ಇಲ್ಲದ ಒಂದು ಸುತ್ತಿಗೆ "ಇದ ನೋಡು ತುಟ್ಟಿದು, ಎಷ್ಟು ಬಿಗಿ ಅದ!" ಅಂದ್ರು. ಮಗಾ ನಗಲೂ ಇಲ್ಲ, ಅಳಲೂ ಇಲ್ಲ. ಒಬ್ಬರ ಒಂದ ದಿನದ ಪರೀಕ್ಷಾ, ಒಪ್ತೇನಿ. ರೇಸಿನ್ಯಾಗ ಓಡಿಸಾಂವಗ ಬಿಗಿ ಸರಳಿನ ಫರಕ ಗೊತ್ತಾಗಬಹುದು. ನಾವು ಕಾರವಾರಕ್ಕ ಕುಬಸದ ಹೆಣ್ಣುಮಗಳನ್ನ ಕರಕೊಂಡ ಹೋಗಾವ್ರು, ರೇಸಿಗಲ್ಲ.

ಆವತ್ತ ಮಿಸ್ತ್ರಿ ಒಂದು ಮಾತು ಅಂದ: "ಬಾಯಾರ, ಸರಳು ಆಮ್ಯಾಲೆ ನೋಡೂಣು, ಟೈರ್ ನೋಡೀರೇನು?" ಬಗ್ಗಿ ನೋಡಿದ್ರ ನನ್ನ ಎದಿ ಝಲ್ ಅಂತು. ಗೀರಿನ ನಡುವ ಸಣ್ಣ ದಿಂಡು ಇರ್ತಾವ, 1.6 ಮಿಲಿಮೀಟರ್ ಎತ್ತರದ್ದು. ಟೈರ್ ಸವದು ಆ ದಿಂಡಿನ ಸಮಾ ಬಂತಂದ್ರ ಬದಲಸಲೇಬೇಕು. ನಮ್ಮ ಎರಡು ಟೈರು ಸಮಾ ಬಂದಿದ್ವು. ಟೈರಿನ ಮೈಮ್ಯಾಲೆ ನಾಕು ಅಂಕಿ ಬರದಿರ್ತಾರ, ಮೊದಲಿನ ಎರಡು ವಾರ, ಕಡೀ ಎರಡು ವರ್ಷ. ನಮ್ಮದ್ರ ಮ್ಯಾಲೆ 2317 ಅಂತಿತ್ತು, ಅಂದ್ರ 2017ರ 23ನೇ ವಾರದ್ದು. ಇಷ್ಟು ದೊಡ್ಡ ಗಾಡಿ ನೆಲಾ ಮುಟ್ಟೋದು ನಾಕು ಅಂಗೈಯಷ್ಟು ಜಾಗಾದಾಗ ಅಷ್ಟ. ಆ ಅಂಗೈ ಜಾರಿದ್ರ ಮ್ಯಾಲಿನ ಸರಳು ಜಪಾನಿಂದಿದ್ದು ಏನ ಮಾಡೂದದ? ಮಳಿಗಾಲದಾಗ, ಅರಬೈಲ ಘಟ್ಟದಾಗ, ನುಣ್ಣಗಾದ ಟೈರಿನ ಮ್ಯಾಲೆ ನನ್ನ ಸೊಸಿನ್ನ ಕೂಡಿಸಿ ಕಳಸ್ತಿದ್ವಿ. ಎಲ್ಲಾರೂ ಸರಳಿನ ಬಗ್ಗೆ ಜಗಳಾಡ್ಕೋತ ಇದ್ವಿ, ಗಾಲಿ ಕಡೆ ಯಾರೂ ಬಗ್ಗಿ ನೋಡಿರ್ಲಿಲ್ಲ. ನಾನೂ ಸೇರಿ.

ನಾ 12,000 ಕೊಟ್ಟೆ, ಮಗಾ ಮ್ಯಾಲೆ ಐದು ಸಾವಿರ ಚಿಲ್ಲರೆ ಹಾಕಿದ. ನಾಕೂ ಹೊಸಾ ಟೈರು ಬಂದ್ವು. ಅಲೈನ್‌ಮೆಂಟ್ ಆತು. ಅವಂಗ ಇನ್ನೂ ಸರಳಿನ ಆಶಾ ಹೋಗಿಲ್ಲ ಅಂತ ನನಗ ಗೊತ್ತದ. ಹಾಕಸ್ಕೊಳ್ಳಿ, ಅವನ ರೊಕ್ಕಾ. ಆದ್ರ ನೆಟ್ಟಗಿನ ಉಕ್ಕಿನ ಸರಳು, ಕೀಲಿಲ್ಲದ್ದು, ದಪ್ಪ ತುದಿದ್ದು, ತೂತು ಸರಿ ಕೂಡೋದು ನೋಡಿ ತರಬೇಕು. ಹಾಕೋ ಮೊದಲ ಇನ್ಶೂರನ್ಸಿನವ್ರಿಗೆ ಕೇಳಬೇಕು. ಅಂಥಾದ್ದು ಸೋವಿಗೆ ಸಿಕ್ರ ಸೋವಿದ ಸಾಕು.

ನಿಮ್ಮ ಮನಿ ಹುಡುಗ್ರೂ ನಾಳೆ ಕೇಳ್ತಾರ. ಇಲ್ಲ ಅನ್ನಬ್ಯಾಡ್ರಿ, ಹೂಂ ಅನ್ನಬ್ಯಾಡ್ರಿ. "ಬಾ ಮಗನ, ಮೊದಲ ಟೈರಿನ ಮ್ಯಾಲಿನ ನಾಕು ಅಂಕಿ ಓದಿ ಹೇಳು" ಅನ್ರಿ. ಇವತ್ತ ಸಂಜೀಮುಂದ ಚಹಾ ಕುಡದು ನಿಮ್ಮ ಬಾಗಲ ಮುಂದಿನ ಗಾಡಿದೂ ಒಮ್ಮೆ ಬಗ್ಗಿ ನೋಡ್ರಿ. ಏನು ಕಂಡಿತು ನನಗ ತಿಳಸ್ರಿ.