ಇ-ಪೋರ್ಟ್‌ಫೋಲಿಯೊ ದೃಢೀಕರಣ ಪದ್ಧತಿ ಬದಲಿಸುವಂತೆ ಮನವಿ

ವೈದ್ಯಕೀಯ ಶಿಕ್ಷಣ ಸಮಿತಿಯ ಮಾನ್ಯ ಅಧ್ಯಕ್ಷರಿಗೆ, ಲೆಮಿಂಗ್ಟನ್ ಸ್ಪಾದಲ್ಲಿ ನೆಲೆಸಿ ಆಸುಪಾಸಿನ ಆಸ್ಪತ್ರೆಗಳಲ್ಲಿ ಕ್ಲಿನಿಕಲ್ ತರಬೇತಿ ಪಡೆಯುತ್ತಿರುವ ವಿದ್ಯಾರ್ಥಿಗಳಿಂದ

ವಾರ್ಡಿನಲ್ಲಿ ವಿದ್ಯಾರ್ಥಿ ರಕ್ತ ತೆಗೆದರೂ, ಕ್ಯಾನುಲಾ ಹಾಕಿದರೂ, ಇಸಿಜಿ ಮಾಡಿದರೂ ಅದು ಲೆಕ್ಕಕ್ಕೆ ಬರುವುದು ಇ-ಪೋರ್ಟ್‌ಫೋಲಿಯೊದಲ್ಲಿ ಮೇಲ್ವಿಚಾರಕರ ದೃಢೀಕರಣ ಬಿದ್ದ ಮೇಲೆಯೇ. ವಿದ್ಯಾರ್ಥಿ ಫೋನಿನಿಂದ ಕೋರಿಕೆ ಕಳುಹಿಸಬೇಕು. ಕೆಲಸ ಕಣ್ಣಾರೆ ಕಂಡ ವೈದ್ಯರೋ ನರ್ಸೋ ಬಿಡುವಾದಾಗ ತಮ್ಮ ಇಮೇಲಿನಲ್ಲಿ ಲಿಂಕ್ ಹುಡುಕಿ ತೆರೆಯಬೇಕು. ಅವಧಿ ಮೀರಿದರೆ ಕೋರಿಕೆ ತಾನಾಗಿಯೇ ರದ್ದಾಗುತ್ತದೆ. ಫೌಂಡೇಶನ್ ವೈದ್ಯರು ಸಾಮಾನ್ಯವಾಗಿ 4 ತಿಂಗಳಿಗೊಮ್ಮೆ ವಿಭಾಗ ಬದಲಿಸುತ್ತಾರೆ. ಲೋಕಮ್ ವೈದ್ಯರು ಮರುದಿನ ಸಿಗುವ ಖಾತರಿಯೂ ಇಲ್ಲ. ರೋಗಿಯ ತೋಳಿನಲ್ಲಿ ಕ್ಯಾನುಲಾ ಇರುತ್ತದೆ, ಪೋರ್ಟ್‌ಫೋಲಿಯೊದಲ್ಲಿ ಮಾತ್ರ ‘ಅಪೂರ್ಣ’ ಎಂದಿರುತ್ತದೆ.

ಇದುವರೆಗೆ ಇದು ಕಿರಿಕಿರಿಯಷ್ಟೇ ಆಗಿತ್ತು. ಈಗ ಇದೇ ‘ಅಪೂರ್ಣ’ವನ್ನು ಮುಂದಿಟ್ಟು ‘ವೃತ್ತಿಪರತೆಯ ಕೊರತೆ’ ಎಂಬ ಎಚ್ಚರಿಕೆ ಪತ್ರಗಳು ಹೊರಟಿವೆ. ರದ್ದಾದ ಕೋರಿಕೆಗಳ ಪರದೆಚಿತ್ರ, ‘ಸಹಿ ಮಾಡಲು ಮರೆತೆ, ಕ್ಷಮಿಸಿ’ ಎಂದು ವೈದ್ಯರೇ ಬರೆದ ಇಮೇಲು, ಡ್ಯೂಟಿ ಪಟ್ಟಿ, ಹಿಂದಿನ ಮನವಿಗಳು, ಅವುಗಳಿಗೆ ಬಂದ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ, ಇವೆಲ್ಲವನ್ನೂ ರೋಗಿಗಳ ಗುರುತು ಅಳಿಸಿ ಲಗತ್ತಿಸಲಾಗಿದೆ. ಮರೆತವರಿಗೆ ಕ್ಷಮೆ, ನೆನಪಿಸಿದವರಿಗೆ ಎಚ್ಚರಿಕೆ ಎಂಬ ನ್ಯಾಯವನ್ನು ಸಮಿತಿಯೂ ಒಪ್ಪಲಾರದೆಂಬ ವಿಶ್ವಾಸ ಅರ್ಜಿದಾರರದು.

ಜನರಲ್ ಮೆಡಿಕಲ್ ಕೌನ್ಸಿಲ್ 2018ರಲ್ಲಿ ಪ್ರಕಟಿಸಿದ ‘ಔಟ್‌ಕಮ್ಸ್ ಫಾರ್ ಗ್ರ್ಯಾಜುಯೇಟ್ಸ್’ ಸಮಿತಿಗೆ ಗೊತ್ತಿರುವುದೇ. ಹೊಸ ವೈದ್ಯರಿಗೆ ಯಾವ ಕೌಶಲ ಬರಬೇಕೆಂದು ಕೌನ್ಸಿಲ್ ಹೇಳುತ್ತದೆಯೇ ಹೊರತು ಸಹಿ ಇಮೇಲಿನಲ್ಲೇ ಬರಬೇಕೆಂದಲ್ಲ. 2024-25ರಿಂದ ಅಂತಿಮ ವರ್ಷದವರಿಗೆ ಮೆಡಿಕಲ್ ಲೈಸೆನ್ಸಿಂಗ್ ಅಸೆಸ್‌ಮೆಂಟ್ ಕಡ್ಡಾಯವಾಗಿದೆ. ಅದಕ್ಕೆ ಓದಬೇಕಾದ ಸಂಜೆಗಳು ಸಹಿಯ ಬೆನ್ನುಹತ್ತುವುದರಲ್ಲಿ ಕಳೆಯುತ್ತಿವೆ. ಭಾರತದಲ್ಲಿ 2019ರಿಂದ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಎಂಬಿಬಿಎಸ್ ಪಠ್ಯಕ್ರಮವೂ ಲಾಗ್‌ಬುಕ್ ಕೇಳುತ್ತದೆ. ಕರ್ನಾಟಕದಲ್ಲಿ ಓದುತ್ತಿರುವ ಅರ್ಜಿದಾರರ ಬಂಧುಗಳು ಹಾಳೆಯ ಪುಸ್ತಕ ಚಾಚಿ ಮಂಚದ ಪಕ್ಕದಲ್ಲೇ ಸಹಿ ಹಾಕಿಸಿಕೊಳ್ಳುತ್ತಾರೆ. ದುಬಾರಿ ತಂತ್ರಾಂಶಕ್ಕೆ ಅಷ್ಟೂ ಸಾಧ್ಯವಾಗಬಾರದೆ?

ಆದ್ದರಿಂದ, ವಿದ್ಯಾರ್ಥಿಯ ಫೋನಿನಲ್ಲೇ ಮೇಲ್ವಿಚಾರಕರು ಪಿನ್ ಒತ್ತಿ ಸ್ಥಳದಲ್ಲೇ ದೃಢೀಕರಿಸುವಂತಾಗಬೇಕು. ನೆಟ್‌ವರ್ಕ್ ಇಲ್ಲದ ಕಡೆ ಸಹಿ ಮಾಡಿದ ಚೀಟಿ ಮಾನ್ಯವಾಗಬೇಕು. ಅವಧಿ ಮೀರಿದ ಕೋರಿಕೆಗಳನ್ನು ಮತ್ತೆ ತೆರೆಯಬೇಕು. ಈ ಕಾರಣಕ್ಕೆ ಕೊಟ್ಟ ಎಚ್ಚರಿಕೆ ಪತ್ರಗಳನ್ನು ಕಡತದಿಂದಲೇ ತೆಗೆಯಬೇಕು. ಬರೀ ‘ಮುಂದುವರಿಸುವುದಿಲ್ಲ’ ಎಂದರೆ ಸಾಲದು.

ಇತರ ತೊಂದರೆಗಳೂ ಇವೆ. ವಾರ್ಡಿನಲ್ಲಿ ವೈಫೈ ದುರ್ಬಲ, ಫೋನ್ ಚಾರ್ಜ್ ಮಾಡಲು ಜಾಗವಿಲ್ಲ, ರೋಗಿಗಳ ಎಲೆಕ್ಟ್ರಾನಿಕ್ ಕಡತ ನೋಡಲು ಬೇಕಾದ ಲಾಗಿನ್ ಪ್ಲೇಸ್‌ಮೆಂಟ್ ಅರ್ಧ ಕಳೆದ ಮೇಲೆ ಕೈಸೇರುತ್ತದೆ. ಹೀಗಾಗಿ ಕೆಲವರು ಪಂಪ್ ರೂಮ್ಸ್‌ನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತು ಪೋರ್ಟ್‌ಫೋಲಿಯೊ ತುಂಬುತ್ತಾರೆ. ರೋಗಿಗಳ ಗೋಪ್ಯತೆಯ ದೃಷ್ಟಿಯಿಂದ ಇದು ಒಳ್ಳೆಯದಲ್ಲ.

ಸಂಜೆಯ ಸಿಮ್ಯುಲೇಶನ್ ತರಗತಿಗಳನ್ನು, ಚಿಕ್ಕ ಮಕ್ಕಳಿರುವ ವಿದ್ಯಾರ್ಥಿಗಳ ಅನುಕೂಲಕ್ಕಾಗಿ, ರೆಕಾರ್ಡ್ ಮಾಡಿ ಕೊಡುವುದೂ ಸೂಕ್ತ. ನೈಸ್ ಸಂಸ್ಥೆಯ ಜಾಲತಾಣದಲ್ಲಿರುವ ಬ್ರಿಟಿಷ್ ನ್ಯಾಷನಲ್ ಫಾರ್ಮುಲರಿ ಭಾರತದಲ್ಲಿ ತೆರೆಯುವುದಿಲ್ಲ. ಎಲೆಕ್ಟಿವ್‌ಗೆಂದು ಮೈಸೂರು, ಹುಬ್ಬಳ್ಳಿಗೆ ಹೋಗಲಿರುವವರಿಗೆ ಕಾಲೇಜಿನ ಮೂಲಕ ಬೇರೆ ವ್ಯವಸ್ಥೆ ಬೇಕು. ಅಂಥವರು ಸದ್ಯಕ್ಕೆ ಇಬ್ಬರೇ ಆದರೂ ಅವರ ಟಿಕೆಟ್ ಆಗಿದೆ.

ಮೌಖಿಕ ಭರವಸೆ ಹಿಂದೆಯೂ ಸಿಕ್ಕಿರುವುದರಿಂದ, ಉತ್ತರ ಈ ಬಾರಿ ಲಿಖಿತವಾಗಿ, ವರ್ಷಾಂತ್ಯದ ತೇರ್ಗಡೆ ಮಂಡಳಿ ಸೇರುವ ಮೊದಲು ಬರಬೇಕೆಂದು ಅರ್ಜಿದಾರರು ಆಗ್ರಹಿಸುತ್ತಾರೆ.